ಸಂತ ಜೋಸೆಫ್ ವಾಜ್: ಅಡೆತಡೆಗಳ ನಡುವೆ ಕುಂದದ ಭರವಸೆ

ಪ್ರತಿ ವರ್ಷ ಜನವರಿ 16ರಂದು ಸಂತ ಜೋಸೆಫ್ ವಾಜ್ ಅವರ ಹಬ್ಬ. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಪುಣ್ಯಕ್ಷೇತ್ರಕ್ಕೆ ಭಕ್ತಾದಿಗಳು ಹೋಗುತ್ತಾರೆ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯಲ್ಲೂ ಅವರ ಹೆಸರನ್ನು ವಿಶೇಷ ಅಭಿಮಾನದಿಂದ ನೆನೆಯುತ್ತಾರೆ. ಮುಡಿಪುವಿನಲ್ಲಿ ಅವರು ಮೊಣಕಾಲೂರಿದ ಜಾಗದಲ್ಲಿ ನೀರಿನ ಒರತೆ ಎದ್ದಿತೆಂದೂ, ಕುಂದಾಪುರದಲ್ಲಿ ಪ್ರಾರ್ಥನೆಯಲ್ಲಿ ತಲ್ಲೀನರಾಗಿದ್ದಾಗ ಅವರ ದೇಹ ನೆಲದಿಂದ ಮೇಲಕ್ಕೆದ್ದಿತೆಂದೂ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಈ ಕಥೆಗಳನ್ನು ನಾವೆಲ್ಲ ಕೇಳಿಯೇ ಬೆಳೆದವರು.

ಆದರೆ ಅವರ ಜೀವನವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದರೆ ಅಲ್ಲಿ ಪವಾಡಗಳಿಗಿಂತ ತೊಡಕುಗಳೇ ಹೆಚ್ಚಾಗಿ ಕಾಣುತ್ತವೆ. ಬೇಡಿದ ಜಾಗ ಸಿಗಲಿಲ್ಲ. ಸಿಕ್ಕ ಜಾಗದಲ್ಲಿ ಜಗಳ. ಹೊರಟ ದಾರಿಯಲ್ಲಿ ಕಾಯಿಲೆ. ತಲುಪಿದ ಊರಿನಲ್ಲಿ ಸೆರೆಮನೆ. ಚರ್ಚ್ ಪಾಲನಾ ಮಂಡಳಿಯಲ್ಲೋ ವಾಳೆಯಲ್ಲೋ ಸಂಘ ಸಂಸ್ಥೆಗಳಲ್ಲೋ ದುಡಿದು, ಎಷ್ಟು ಮಾಡಿದರೂ ಇಷ್ಟೇ ಎಂದು ಬೇಸತ್ತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂಥವರು ಒರತೆಯ ಕಥೆಗಿಂತಲೂ ಈ ಭಾಗವನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ಅನಿಸಿಕೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಲಿಯಲ್ಲಿ. ಅದು ಅವರ ತಾಯಿಯ ಊರು, ತಂದೆಯದು ಸಾಂಕವಾಳ. ಕೊಂಕಣಿ ಮನೆಮಾತಿನ ಕುಟುಂಬ, ಆರು ಮಕ್ಕಳಲ್ಲಿ ಇವರು ಮೂರನೆಯವರು. ಪೋರ್ಚುಗೀಸ್, ಲ್ಯಾಟಿನ್ ಕಲಿತು, ಗೋವಾದಲ್ಲಿ ಯೇಸುಸಭೆಯವರ ಹಾಗೂ ದೊಮಿನಿಕನ್ ಸಭೆಯವರ ವಿದ್ಯಾಲಯಗಳಲ್ಲಿ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಮೇಲೆ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಒಳ್ಳೆಯ ಪ್ರಬೋಧಕರೆಂದೂ ಪಾಪನಿವೇದನೆ ಕೇಳುವುದರಲ್ಲಿ ತಾಳ್ಮೆಯುಳ್ಳವರೆಂದೂ ಹೆಸರು ಬಂತು. ಸಾಂಕವಾಳದಲ್ಲಿ ಗುರುಗಳಾಗಬಯಸುವ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆಯನ್ನೂ ತೆರೆದರು.

1677ರ ಆಗಸ್ಟ್ 5ರಂದು ಸಾಂಕವಾಳದ ಇಗರ್ಜಿಯಲ್ಲಿ ಅವರು ಒಂದು ಪತ್ರ ಬರೆದು ಸಹಿ ಹಾಕಿದರು. ತಾನು ಮಾತೆ ಮರಿಯಮ್ಮನವರ ದಾಸ, ಇನ್ನು ಮುಂದೆ ತನ್ನದೆಂಬುದು ಏನೂ ಇಲ್ಲ ಎಂಬುದು ಅದರ ಸಾರ. ಆಗ ಅವರಿಗೆ 26 ವರ್ಷ. ಆ ವಯಸ್ಸಿನಲ್ಲಿ ಭಕ್ತಿಯ ಬಿಸಿಯಲ್ಲಿ ಇಂಥ ಪತ್ರ ಬರೆಯುವುದು ಸುಲಭ ಎಂದು ಯಾರಾದರೂ ಹೇಳಬಹುದು. ಆದರೆ ದಾಸನಿಗೆ ತಾನು ಎಲ್ಲಿಗೆ ಹೋಗಬೇಕೆಂದು ಆರಿಸಿಕೊಳ್ಳುವ ಹಕ್ಕಿಲ್ಲ. ನಾಲ್ಕು ವರ್ಷಗಳೊಳಗೆ ಆ ಮಾತಿನ ಬೆಲೆ ತೆರಬೇಕಾಗಿ ಬಂತು.

ಅವರ ಮನಸ್ಸು ಇದ್ದುದು ಶ್ರೀಲಂಕಾದ ಮೇಲೆ. ಅಂದಿನ ಹೆಸರು ಸಿಲೋನ್. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿದ್ದರು. ಕಥೋಲಿಕ ಗುರುಗಳನ್ನೆಲ್ಲ ಹೊರಹಾಕಿ, ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದ್ದರು. ಅಲ್ಲಿನ ವಿಶ್ವಾಸಿಗಳು ಎರಡು ದಶಕಗಳಿಂದ ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವವರಿಗೆ ಅಂತಿಮ ಅಭ್ಯಂಗವಿಲ್ಲದೆ ದಿನ ಕಳೆಯುತ್ತಿದ್ದರು. ಈ ಸುದ್ದಿ ಕೇಳಿದಂದಿನಿಂದ ಯುವ ಗುರುವಿಗೆ ನೆಮ್ಮದಿ ಇರಲಿಲ್ಲ. ತನ್ನನ್ನು ಅಲ್ಲಿಗೆ ಕಳುಹಿಸಬೇಕೆಂದು ಗೋವಾದ ಹಿರಿಯರನ್ನು ಬೇಡಿಕೊಂಡರು. ಹಿರಿಯರು 1681ರಲ್ಲಿ ಕಳುಹಿಸಿದ್ದು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ.

ಅದು ಯಾರೂ ಬಯಸಿ ಬರುವಂಥ ನೇಮಕವಾಗಿರಲಿಲ್ಲ. ನಮ್ಮ ಊರುಗಳು ಆಗ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದವು. ಮಂಗಳೂರು, ಬಸ್ರೂರು, ಹೊನ್ನಾವರದ ಕೋಟೆಗಳನ್ನು ಪೋರ್ಚುಗೀಸರು ಶಿವಪ್ಪ ನಾಯಕನ ಕಾಲದಲ್ಲೇ ಕಳೆದುಕೊಂಡಿದ್ದರು. ಕ್ರೈಸ್ತರು ಅಲ್ಲಲ್ಲಿ ಚದುರಿಹೋಗಿದ್ದರು. ಇದು ಹೊರಗಿನ ಕಷ್ಟವಾಯಿತು. ಒಳಗಿನದು ಇನ್ನೂ ದೊಡ್ಡದು. ಪೋರ್ಚುಗಲ್ ರಾಜನಿಗೆ ಪೋಪ್ ಜಗದ್ಗುರುಗಳು ಹಿಂದೆ ಕೊಟ್ಟಿದ್ದ ಪಾದ್ರುವಾದೊ ಎಂಬ ಹಕ್ಕಿನ ಪ್ರಕಾರ ಕೆನರಾ ಗೋವಾದ ಮಹಾಧರ್ಮಾಧ್ಯಕ್ಷರಿಗೆ ಸೇರಿತ್ತು. ಆದರೆ ರೋಮಿನ ಧರ್ಮಪ್ರಸಾರ ಇಲಾಖೆಯಾದ ಪ್ರೊಪಗಾಂಡ ಫೀದೆ ಕೆನರಾಕ್ಕೆ ಬೇರೆಯೇ ಧರ್ಮಾಧ್ಯಕ್ಷರನ್ನು ನೇಮಿಸಿತ್ತು. ಅವರು ಗೋವಾದವರೇ ಆದ ತೋಮಸ್ ದೆ ಕಾಸ್ಟ್ರೊ. ಒಂದೇ ನಾಡಿಗೆ ಇಬ್ಬರು ಯಜಮಾನರು. ಒಂದು ಪಕ್ಷದ ಗುರುಗಳು ಕೊಟ್ಟ ಸಂಸ್ಕಾರ ಸಲ್ಲದು ಎಂದು ಇನ್ನೊಂದು ಪಕ್ಷ ಹೇಳುತ್ತಿತ್ತು. ತನ್ನ ಮದುವೆ ಮದುವೆಯೇ ಹೌದೋ ಅಲ್ಲವೋ, ತನ್ನ ಪಾಪನಿವೇದನೆ ದೇವರಿಗೆ ಸಂದಿತೋ ಇಲ್ಲವೋ ಎಂದು ಬಡ ವಿಶ್ವಾಸಿ ಚಿಂತಿಸಬೇಕಾದ ಸ್ಥಿತಿ.

ಇದರ ನಡುವೆ ಗೋವಾದ ಪಕ್ಷದಿಂದ ವಲಯದ ಪ್ರಧಾನ ಗುರುವಾಗಿ ಬಂದವರು ಜೋಸೆಫ್ ವಾಜ್. 30 ವರ್ಷದ ಪ್ರಾಯ. ಮನಸ್ಸಿದ್ದುದು ಸಿಲೋನಿನಲ್ಲಿ, ಸಿಕ್ಕಿದ್ದು ಈ ವ್ಯಾಜ್ಯ.

ತನ್ನನ್ನು ಕಳುಹಿಸಿದವರ ಪರವಾಗಿ ಜೋರಾಗಿ ವಾದ ಮಾಡಿದ್ದರೆ ಗೋವಾದಲ್ಲಿ ಮೆಚ್ಚುಗೆ ಸಿಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಧರ್ಮಾಧ್ಯಕ್ಷ ಕಾಸ್ಟ್ರೊ ಅವರನ್ನು ತಾವೇ ಹೋಗಿ ಕಂಡರು, ಗೌರವದಿಂದ ಮಾತನಾಡಿದರು. ರೋಮಿನಿಂದ ಕೊನೆಯ ತೀರ್ಪು ಬರುವವರೆಗೆ ಜನರಿಗೆ ಸಂಸ್ಕಾರಗಳು ತಪ್ಪಬಾರದು ಎಂಬ ಆಧಾರದ ಮೇಲೆ ಒಂದು ತಾತ್ಕಾಲಿಕ ಹೊಂದಾಣಿಕೆಗೆ ಬಂದರು. ಗೋವಾಕ್ಕೂ ವಿಧೇಯರಾಗಿ ಉಳಿದರು. ಜಗಳ ಇದರಿಂದ ಮುಗಿಯಿತೇ ಎಂದರೆ, ಇಲ್ಲ. ಪಾದ್ರುವಾದೊ ಮತ್ತು ಪ್ರೊಪಗಾಂಡ ನಡುವಿನ ತಿಕ್ಕಾಟ ಭಾರತದಲ್ಲಿ 19ನೇ ಶತಮಾನದವರೆಗೂ ನಡೆಯಿತು. ಜೋಸೆಫ್ ವಾಜ್ ಅದನ್ನು ಬಗೆಹರಿಸಿದವರಲ್ಲ. ಬಗೆಹರಿಯದ ಜಗಳದ ನಡುವೆಯೇ ತಮ್ಮ ಪಾಲಿನ ಕೆಲಸ ಮಾಡಿದವರು.

ಆ ಕೆಲಸ ಯಾವುದು? ಮಂಗಳೂರು, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಬರಿಗಾಲಿನಲ್ಲಿ ಊರೂರು ಸುತ್ತಿದರು. ಹಾಳಾಗಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು, ಗುರುಗಳಿಲ್ಲದಾಗಲೂ ಜನ ಸೇರಿ ಪ್ರಾರ್ಥಿಸುವಂತೆ ಭಕ್ತಿಸಂಘಗಳನ್ನು ಕಟ್ಟಿದರು. ರೋಗಿಗಳನ್ನು ನೋಡಿಕೊಂಡರು. ಗುಲಾಮರಾಗಿ ಮಾರಾಟವಾಗಿದ್ದ ಕ್ರೈಸ್ತರನ್ನು ಬಿಡಿಸಲು ಶ್ರಮಿಸಿದರು. ಇವೆಲ್ಲ ಇಂದಿನ ಯಾವ ಚರ್ಚಿನ ವಾರ್ಷಿಕ ವರದಿಯಲ್ಲೂ ಕಾಣಬಹುದಾದ ಸಾಮಾನ್ಯ ಕೆಲಸಗಳು. ಇವುಗಳಲ್ಲಿ ಸಂಘ ಕಟ್ಟಿದ್ದು ಎಷ್ಟು ಮುಖ್ಯವಾಗಿತ್ತೆಂದು ಮುಂದೆ ಗೊತ್ತಾಗಲಿತ್ತು. ಗುರುವಿಲ್ಲದ ಜಾಗದಲ್ಲಿ ವಿಶ್ವಾಸ ಉಳಿಯುವುದು ಹೇಗೆಂಬ ಪಾಠವನ್ನು ಅವರು ಕಲಿತದ್ದು ಬೇಡವೆನಿಸಿದ ಈ ನೇಮಕದಲ್ಲೇ, ನಮ್ಮ ಮಣ್ಣಿನಲ್ಲೇ. ಇದನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

1684ರಲ್ಲಿ ಗೋವಾಕ್ಕೆ ಮರಳಿದರು. ಅಲ್ಲಿ ಹಳೆ ಗೋವಾದ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೆಲವು ಸ್ಥಳೀಯ ಗುರುಗಳು ಒಟ್ಟಾಗಿ ಬದುಕಲು ಆರಂಭಿಸಿದ್ದರು. ಯೂರೋಪಿನ ಧಾರ್ಮಿಕ ಸಭೆಗಳು ಆ ಕಾಲದಲ್ಲಿ ಭಾರತೀಯರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಜೋಸೆಫ್ ವಾಜ್ ಈ ಗುಂಪನ್ನು ಸೇರಿ 1685ರಲ್ಲಿ ಅದರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ಓರಟರಿಯ ಮಾದರಿಯಲ್ಲಿ ಅದಕ್ಕೆ ರೂಪ ಕೊಟ್ಟರು. ನೆಲೆ ಸಿಕ್ಕಿತು, ಹುದ್ದೆಯೂ ಸಿಕ್ಕಿತು. ಮರುವರ್ಷವೇ, 1686ರ ಮಾರ್ಚ್ ತಿಂಗಳಲ್ಲಿ, ಹುದ್ದೆ ಬಿಟ್ಟು ಸಿಲೋನಿನ ದಾರಿ ಹಿಡಿದರು. ಜತೆಗೆ ಜಾನ್ ಎಂಬ ನಂಬಿಕೆಯ ಸೇವಕ. ಕೆನರಾದ ಮೂಲಕ, ಮಲಬಾರಿನ ಮೂಲಕ ತೂತ್ತುಕುಡಿ ತಲುಪಲು ಬಹಳ ತಿಂಗಳುಗಳು ಹಿಡಿದವು. ಗುರುಗಳ ನಿಲುವಂಗಿ ಕಂಡರೆ ಡಚ್ಚರು ಹಿಡಿಯುತ್ತಾರೆಂದು ಕೂಲಿಯಾಳಿನ ವೇಷ ತೊಟ್ಟು 1687ರಲ್ಲಿ ಹಡಗು ಹತ್ತಿದರು. ಹತ್ತು ವರ್ಷಗಳ ಹಿಂದೆ ದಾಸನೆಂದು ಸಹಿ ಹಾಕಿದವರು ಈಗ ನೋಡುವವರ ಕಣ್ಣಿಗೂ ದಾಸರೇ.

ಇಷ್ಟು ವರ್ಷ ಕಾದು ತಲುಪಿದ ನಾಡಿನಲ್ಲಿ ಅವರನ್ನು ಸ್ವಾಗತಿಸಿದ್ದು ಭೇದಿಯ ಕಾಯಿಲೆ. ಪ್ರಯಾಣದಲ್ಲೇ ನಿತ್ರಾಣರಾಗಿದ್ದ ಅವರು ಜಾಫ್ನಾದಲ್ಲಿ ಎದ್ದು ನಿಲ್ಲಲಾರದೆ ಬಿದ್ದರು. ಅಂಟುರೋಗವೆಂದು ಹೆದರಿದ ಜನ ಅವರನ್ನು ಊರ ಹೊರಗಿನ ಕಾಡಿಗೆ ಸಾಗಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಒಬ್ಬ ಹೆಂಗಸು ದಿನವೂ ಗಂಜಿ ತಂದುಕೊಟ್ಟಳಂತೆ. ಆಕೆಯ ಹೆಸರು ಯಾವ ಪುಸ್ತಕದಲ್ಲೂ ನನಗೆ ಕಂಡಿಲ್ಲ. ಶ್ರೀಲಂಕಾದ ಧರ್ಮಸಭೆ ಮತ್ತೆ ತಲೆಯೆತ್ತಿದ ಕಥೆಯನ್ನು ಹೇಳುವಾಗ ಆ ಗಂಜಿಯ ಪಾತ್ರೆಯನ್ನು ಮರೆಯುವಂತಿಲ್ಲ. ದೊಡ್ಡ ಯೋಜನೆ ಹೊತ್ತು ಬಂದವರು ಒಂದು ಬಟ್ಟಲು ಗಂಜಿಗಾಗಿ ಇನ್ನೊಬ್ಬರ ಮುಖ ನೋಡಬೇಕಾಯಿತು. ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರು, ಯಾರಿಗೂ ಉಪಯೋಗವಿಲ್ಲದವರಾದೆವೆಂದು ಕೊರಗುವವರು, ಈ ದಿನಗಳನ್ನು ನೆನೆಯಬಹುದು.

ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಸರ ನೋಡಿ ಯಾರ ಕಣ್ಣು ಅರಳುತ್ತದೆ, ಯಾರು ಮತ್ತೊಮ್ಮೆ ತಿರುಗಿ ನೋಡುತ್ತಾರೆ ಎಂದು ಗಮನಿಸುವುದು ಅವರ ಉಪಾಯ. ಹೀಗೆ ಬಚ್ಚಿಟ್ಟುಕೊಂಡಿದ್ದ ಕಥೋಲಿಕ ಕುಟುಂಬಗಳನ್ನು ಒಂದೊಂದಾಗಿ ಪತ್ತೆ ಹಚ್ಚಿದರು. ಸಿಲ್ಲಾಲೈ ಎಂಬ ಹಳ್ಳಿಯ ಜನ ಅಪಾಯ ಲೆಕ್ಕಿಸದೆ ಅವರಿಗೆ ನೆಲೆ ಕೊಟ್ಟರು. ರಾತ್ರಿ ಹೊತ್ತು ಬಲಿಪೂಜೆ, ಜ್ಞಾನಸ್ನಾನ, ಮದುವೆಗಳು. ಬೆಳಗಾಗುವ ಮೊದಲು ಬೇರೆ ಊರು. ತಮಿಳು ಕಲಿತರು. ಎರಡು ವರ್ಷ ಹೀಗೆ ನಡೆಯಿತು. ಗುಟ್ಟು ಎಷ್ಟು ದಿನ ಉಳಿದೀತು? 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ಜಾಫ್ನಾದಲ್ಲಿ ಪೂಜೆಗೆ ಸೇರಿದ್ದವರ ಮೇಲೆ ಬಿದ್ದು ಅನೇಕರನ್ನು ಸೆರೆಹಿಡಿದರು. ಜೋಸೆಫ್ ವಾಜ್ ಸಿಕ್ಕಲಿಲ್ಲ, ಆದರೆ ಅವರನ್ನು ನಂಬಿದವರು ಹೊಡೆತ ತಿಂದರು, ಸೆರೆಮನೆ ಸೇರಿದರು. ತನ್ನಿಂದಾಗಿ ಇತರರಿಗೆ ಕಷ್ಟ ಬಂದಾಗ ಆಗುವ ನೋವು ತನಗೇ ಬಂದ ಕಷ್ಟಕ್ಕಿಂತ ದೊಡ್ಡದು. ತಾನು ಅಲ್ಲೇ ಇದ್ದರೆ ಜನರಿಗೆ ಇನ್ನೂ ಹಿಂಸೆಯೆಂದು ತಿಳಿದು, 1690ರಲ್ಲಿ ಪುತ್ತಳಂಗೆ ಹೋದರು. ಅದು ಡಚ್ಚರ ಕೈಕೆಳಗಿರದ ಕ್ಯಾಂಡಿ ರಾಜ್ಯಕ್ಕೆ ಸೇರಿದ ಜಾಗ.

ಪುತ್ತಳಂನಲ್ಲಿ ಒಂದಿಷ್ಟು ನೆಮ್ಮದಿಯ ಕಾಲ. ನಂತರ 1692ರಲ್ಲಿ ಕ್ಯಾಂಡಿಗೆ ಹೊರಟರು. ರಾಜನ ಅನುಮತಿ ಸಿಕ್ಕರೆ ದ್ವೀಪದ ನಡುವಿನಿಂದ ಎಲ್ಲ ದಿಕ್ಕಿಗೂ ಹೋಗಬಹುದು ಎಂಬ ಆಸೆ. ಆದರೆ ರಾಜನ ಆಶ್ರಯದಲ್ಲಿದ್ದ ಒಬ್ಬ ಫ್ರೆಂಚ್ ಪ್ರೊಟೆಸ್ಟಂಟ್, ಬರುತ್ತಿರುವವನು ಪೋರ್ಚುಗೀಸರ ಗೂಢಚಾರ ಎಂದು ಕಿವಿಯೂದಿದ್ದ. ರಾಜಧಾನಿ ಕಾಣುವ ಹೊತ್ತಿಗೆ ಅವರು ಕೈದಿ. ಹೊರಗೆ ಸಾವಿರಾರು ವಿಶ್ವಾಸಿಗಳು ಕಾಯುತ್ತಿದ್ದಾರೆ, ಇಡೀ ದ್ವೀಪಕ್ಕೆ ಒಬ್ಬನೇ ಗುರು, ಆ ಗುರುವೂ ಸೆರೆಮನೆಯಲ್ಲಿ.

ಸೆರೆಮನೆಯಲ್ಲಿ ಅವರು ಮಾಡಿದ್ದು ಸಿಂಹಳ ಭಾಷೆಯ ಅಭ್ಯಾಸ. ಅಕ್ಷರದಿಂದ ಶುರುಮಾಡಿ ಕಲಿತರು. ತಪ್ಪಿಸಿಕೊಳ್ಳಲು ಯತ್ನಿಸದ ಈ ಕೈದಿಯ ಮೇಲೆ ಕಾವಲುಗಾರರ ಕಣ್ಣು ಸಡಿಲವಾಯಿತು. ಆಗ ಅಂಗಳದಲ್ಲಿ ಒಂದು ಸಣ್ಣ ಗುಡಿಸಲು ಕಟ್ಟಿ ಅದನ್ನೇ ಪ್ರಾರ್ಥನಾ ಮಂದಿರ ಮಾಡಿಕೊಂಡರು. ಮೊದಲು ಬಂದವರು ಜತೆಯ ಕೈದಿಗಳು, ಆಮೇಲೆ ಊರಿನ ಹಳೆಯ ಕಥೋಲಿಕರು. ಕೆಲವು ಕಾಲದ ನಂತರ ಗುಡಿಸಲಿನ ಬದಲು ಮಾತೆ ಮರಿಯಮ್ಮನವರ ಹೆಸರಿನಲ್ಲಿ ಒಂದು ಇಗರ್ಜಿಯೇ ಎದ್ದಿತು. ಅವರಿನ್ನೂ ಪೂರ್ತಿ ಬಿಡುಗಡೆಯಾಗಿರಲಿಲ್ಲ.

ಮಳೆಯ ಪ್ರಸಂಗ ಬರುವುದು ಇಲ್ಲಿ. ಕ್ಯಾಂಡಿಯಲ್ಲಿ ಭೀಕರ ಬರಗಾಲ ಬಂದು, ಎರಡನೇ ವಿಮಲಧರ್ಮಸೂರ್ಯ ರಾಜ ಈ ಕೈದಿ ಗುರುವಿನ ಬಳಿಗೂ ಹೇಳಿಕಳುಹಿಸಿದನೆಂದು ಪ್ರತೀತಿ. ಜೋಸೆಫ್ ವಾಜ್ ಬಯಲಿನಲ್ಲಿ ಪೀಠವಿಟ್ಟು ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದಾಗ ಮಳೆ ಸುರಿಯಿತು, ಪೀಠ ಮಾತ್ರ ಒದ್ದೆಯಾಗಲಿಲ್ಲ ಎನ್ನುತ್ತಾರೆ. ಜೂನ್ ಬಂದರೆ ಮಳೆ ನಿಂತರೆ ಸಾಕೆನ್ನುವ ಕರಾವಳಿಯ ನಮಗೆ ಇದರ ತೂಕ ಅಷ್ಟಾಗಿ ತಟ್ಟುವುದಿಲ್ಲ. ವರ್ಷವಿಡೀ ಹರಿಯುವ ಹೊಳೆಯೇ ಇಲ್ಲದ ಕೋಲಾರ ಜಿಲ್ಲೆಯಲ್ಲಿ, ಮಾಲೂರು ತಾಲ್ಲೂಕಿನ ಲಕ್ಕೂರಿನಂಥ ಊರುಗಳಲ್ಲಿ, ಕೆರೆ ಬತ್ತಿ ಕೊಳವೆ ಬಾವಿಯ ತಳ ಕೆಳಕ್ಕೆ ಕೆಳಕ್ಕೆ ಇಳಿಯುವುದನ್ನು ನೋಡುತ್ತಾ ಮೋಡ ಕಾಯುವ ರೈತನಿಗೆ ಈ ಕಥೆ ಹೇಳಿ ನೋಡಬೇಕು. ಅವನು ಪೀಠ ಒದ್ದೆಯಾಯಿತೇ ಎಂದು ಕೇಳುವುದಿಲ್ಲ, ಬೆಳೆ ಉಳಿಯಿತೇ ಎಂದು ಕೇಳುತ್ತಾನೆ. ಕರಾವಳಿಯಿಂದ ಬಯಲುಸೀಮೆಗೆ ಸೇವೆಗೆ ಹೋಗುವ ನಮ್ಮ ಧರ್ಮಭಗಿನಿಯರಿಗೂ ಗುರುಗಳಿಗೂ ಇದು ಚೆನ್ನಾಗಿ ಗೊತ್ತು. ಮಳೆಯ ನಂತರ ರಾಜ ಅವರಿಗೆ ರಾಜ್ಯದಲ್ಲಿ ಓಡಾಡಿ ಬೋಧಿಸುವ ಸ್ವಾತಂತ್ರ್ಯ ಕೊಟ್ಟ. ಆದರೆ ಮಳೆಗೆ ಮುಂಚೆ ಸೆರೆಯಲ್ಲಿ ಕಳೆದ ದಿನಗಳಲ್ಲಿ ಆ ಭಾಷೆ ಕಲಿತಿರದಿದ್ದರೆ ಆ ಸ್ವಾತಂತ್ರ್ಯದಿಂದ ಏನು ಪ್ರಯೋಜನವಾಗುತ್ತಿತ್ತು?

ಗೋವಾದ ಓರಟರಿಯಿಂದ ಸಹಾಯಕ ಗುರುಗಳು ಬಂದು ಸೇರಿದ್ದು ಇದಾದ ಮೇಲೆಯೇ. ಹತ್ತಿರ ಹತ್ತಿರ ಹತ್ತು ವರ್ಷ ಅವರು ಒಬ್ಬರೇ ದುಡಿದಿದ್ದರು. ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ಸಿಲೋನಿನ ಶ್ರೇಷ್ಠಗುರುವನ್ನಾಗಿ ನೇಮಿಸಿದರು. ಇನ್ನೇನು ಎಲ್ಲ ವ್ಯವಸ್ಥೆಗೆ ಬಂತು ಎನ್ನುವಾಗ, 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು.

ಅಂದು ಸಿಡುಬಿಗೆ ಮದ್ದಿರಲಿಲ್ಲ, ಲಸಿಕೆ ಬರಲು ಇನ್ನೂ ನೂರು ವರ್ಷಗಳಿದ್ದವು. ರಾಜ ಮತ್ತು ಶ್ರೀಮಂತರು ಊರು ಬಿಟ್ಟರು. ಮನೆಯವರೇ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದರು. ಜೋಸೆಫ್ ವಾಜ್ ಓಡಲಿಲ್ಲ. ಹಿಂದೊಮ್ಮೆ ಇದೇ ದ್ವೀಪದಲ್ಲಿ ತಾವೂ ರೋಗದ ಭಯದಿಂದ ಕಾಡಿಗೆ ಎಸೆಯಲ್ಪಟ್ಟವರಲ್ಲವೇ? ಕಾಡು ಹೊಕ್ಕು ರೋಗಿಗಳನ್ನು ಹುಡುಕಿದರು, ಚಪ್ಪರ ಹಾಕಿ ಮಲಗಿಸಿದರು, ಹುಣ್ಣು ತೊಳೆದರು, ಗಂಜಿ ಕುಡಿಸಿದರು. ಸತ್ತವರಿಗೆ ಗುಂಡಿ ತೋಡಿದರು. ಬೌದ್ಧ, ಕ್ರೈಸ್ತ ಎಂಬ ಭೇದ ನೋಡಲಿಲ್ಲ. ಈ ಮನುಷ್ಯನಿಲ್ಲದಿದ್ದರೆ ಬೀದಿಗಳಲ್ಲಿ ಹೆಣಗಳು ತುಂಬಿರುತ್ತಿದ್ದವು ಎಂದು ಸ್ವತಃ ರಾಜನೇ ಒಪ್ಪಿಕೊಂಡನಂತೆ. ದೇಶದಿಂದ ಹೊರಹಾಕಲ್ಪಟ್ಟಿದ್ದ ವಂ. ಜೋಸೆಫ್ ಕಾರ್ವಾಲೊ ಅವರಿಗೆ ಮರಳಿ ಬರಲು ಅನುಮತಿ ಸಿಕ್ಕಿದ್ದು ಈ ಸೇವೆಯ ಫಲವಾಗಿ.

ಮುಂದಿನ ವರ್ಷಗಳು ನಡೆದಾಟದಲ್ಲಿ ಕಳೆದವು. ಡಚ್ಚರ ಸೀಮೆಗೂ ವೇಷ ಮರೆಸಿಕೊಂಡು ಹೋಗಿಬರುತ್ತಿದ್ದರು. ಕೆನರಾದಲ್ಲಿ ಮಾಡಿದಂತೆಯೇ ಇಲ್ಲೂ ಪ್ರತಿ ಊರಿನಲ್ಲಿ ಹಿರಿಯರನ್ನೂ ಉಪದೇಶಿಗಳನ್ನೂ ನೇಮಿಸಿದರು. ಗುರು ವರ್ಷಕ್ಕೊಮ್ಮೆ ಬಂದರೂ ಭಾನುವಾರದ ಪ್ರಾರ್ಥನೆ ನಿಲ್ಲದಂತೆ, ಮಕ್ಕಳ ಧರ್ಮೋಪದೇಶ ತಪ್ಪದಂತೆ ನೋಡಿಕೊಳ್ಳುವುದು ಅವರ ಹೊಣೆ. 1705ರಲ್ಲಿ ಬಂದ ವಂ. ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಧಾರ್ಮಿಕ ಕೃತಿಗಳನ್ನು ರಚಿಸಿ ಈ ಉಪದೇಶಿಗಳ ಕೈಗೆ ಪುಸ್ತಕ ಕೊಟ್ಟರು. ಅದೇ ಸುಮಾರಿಗೆ ರೋಮಿನ ಪ್ರತಿನಿಧಿ ಜೋಸೆಫ್ ವಾಜ್ ಅವರನ್ನು ಧರ್ಮಾಧ್ಯಕ್ಷ ಪದವಿಗೆ ಏರಿಸುವ ಪ್ರಸ್ತಾಪ ತಂದರು. ಅವರು ಬೇಡವೆಂದರು. ಕೆನರಾದಲ್ಲಿ ಅಧಿಕಾರದ ಜಗಳ ನೋಡಿದ್ದ ಕಣ್ಣುಗಳು ಅವು. ಆ ನೆನಪೂ ಈ ಉತ್ತರದ ಹಿಂದೆ ಇದ್ದಿರಬಹುದು ಎಂದು ನನಗನಿಸುತ್ತದೆ.

1710ರ ವೇಳೆಗೆ ದೇಹ ಸೋತಿತ್ತು. ಕಾಯಿಲೆಯಿಂದ ಏಳಲಾಗದಿದ್ದರೂ ಪಾಪನಿವೇದನೆಗೆ ಬಂದವರನ್ನು ಕಳುಹಿಸುತ್ತಿರಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. ವಯಸ್ಸು 59. ಸಿಲೋನಿಗೆ ಬಂದು 24 ವರ್ಷಗಳಾಗಿದ್ದವು. ಹಿಂತಿರುಗಿ ಒಮ್ಮೆಯೂ ಗೋವಾಕ್ಕೆ ಹೋಗಿರಲಿಲ್ಲ. ಅವರು ಬಂದಾಗ ಒಬ್ಬ ಗುರುವೂ ಇಲ್ಲದಿದ್ದ ದ್ವೀಪದಲ್ಲಿ, ಅವರು ಕಣ್ಣು ಮುಚ್ಚುವಾಗ ಸುಮಾರು 70,000 ಕಥೋಲಿಕರೂ 15 ಇಗರ್ಜಿಗಳೂ 400ರಷ್ಟು ಪ್ರಾರ್ಥನಾ ಮಂದಿರಗಳೂ ಇದ್ದವೆಂದು ಧರ್ಮಸಭೆಯ ದಾಖಲೆಗಳು ತಿಳಿಸುತ್ತವೆ.

ಅವರನ್ನು ಸಂತರೆಂದು ಘೋಷಿಸುವ ಕಾರ್ಯವೂ ಬೇಗನೆ ಆಗಲಿಲ್ಲ. ಶತಮಾನಗಳೇ ಕಳೆದವು. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರ ಸಾಲಿಗೆ ಸೇರಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಅವರನ್ನು ಸಂತರೆಂದು ಸಾರಿದರು. ಅಂದು ನಮ್ಮ ಕರಾವಳಿಯ ಚರ್ಚುಗಳಲ್ಲೂ ಗಂಟೆ ಬಾರಿಸಿದ ಸಂತೋಷ.

ಅವರನ್ನು ಕ್ಯಾಂಡಿಯ ಇಗರ್ಜಿಯಲ್ಲೇ ಸಮಾಧಿ ಮಾಡಿದ್ದರು. ಮುಂದೆ ಆ ಇಗರ್ಜಿ ನಾಶವಾಯಿತು, ಸಮಾಧಿಯ ಜಾಗ ಇಂದು ಯಾರಿಗೂ ತಿಳಿಯದು. ಮುಡಿಪು ಗುಡ್ಡದ ಒರತೆಯ ಬಳಿ ಮೊಂಬತ್ತಿ ಹಚ್ಚುವವರಲ್ಲಿ ಕೆಲಸ ಸಿಗದ ಯುವಕರೂ ಮಗುವಿನ ಕಾಯಿಲೆಗೆ ಬೇಡಿಕೊಳ್ಳುವ ತಾಯಂದಿರೂ ಇರುತ್ತಾರೆ. ಅಲ್ಲಿಗೆ ಹೋಗುವವರು ಸ್ವಲ್ಪ ಬಿಡುವು ಮಾಡಿಕೊಂಡು ಕುಂದಾಪುರ, ಗಂಗೊಳ್ಳಿಯ ದಾರಿಯನ್ನೂ ಹಿಡಿಯಬಹುದು. 1681ರಿಂದ ಮೂರು ವರ್ಷ ಅವರು ಬರಿಗಾಲಿನಲ್ಲಿ ನಡೆದ ದಾರಿ ಅದು.